ಶೀಟಿನ ಮಾಡಿನಡಿಯ ರಾಕ್ ಬ್ಯಾಂಡ್: ವಿದ್ಯಾನಗರದ ತಾಯಿಗೊಂದು ಉತ್ತರ

ಪ್ರಶ್ನೆ:

"ನಮ್ಮ ಮನೆ ಕಾಸರಗೋಡು ಪೇಟೆಯಿಂದ ಸ್ವಲ್ಪ ಆಚೆ, ವಿದ್ಯಾನಗರದ ಹತ್ತಿರ. ಮಗನಿಗೆ 16 ವರ್ಷ, ಪ್ಲಸ್ ವನ್ ಓದುತ್ತಿದ್ದಾನೆ. ಎಂಟನೇ ವಯಸ್ಸಿನಿಂದ ಮದ್ದಳೆ ಕಲಿತವನು, ಶಾಲೆಯ ಯಕ್ಷಗಾನಕ್ಕೂ ನುಡಿಸಿದ್ದಾನೆ. ಹೋದ ವರ್ಷ ಮೂವರು ಗೆಳೆಯರ ಜೊತೆ ರಾಕ್ ಬ್ಯಾಂಡ್ ಶುರು ಮಾಡಿದ. ಒಬ್ಬ ಗಿಟಾರ್, ಒಬ್ಬ ಬೇಸ್ (ತಗ್ಗಿನ ಸ್ವರದ ಗಿಟಾರ್), ಒಬ್ಬ ಹಾಡುವುದು ಮತ್ತು ಗಿಟಾರ್, ನನ್ನ ಮಗನದ್ದು ಡ್ರಮ್ಸ್. ಹಳೆಯ ಸೆಟ್ ಒಂದನ್ನು ಅವನ ಅಪ್ಪ ಗಲ್ಫಿನಿಂದ ದುಡ್ಡು ಕಳಿಸಿ ತೆಗೆಸಿಕೊಟ್ಟರು. ಭಾನುವಾರ ಮಧ್ಯಾಹ್ನ ಮನೆ ಹಿಂದಿನ ಅಡಿಕೆ ಶೆಡ್ಡಿನಲ್ಲಿ ಮೂರು ಗಂಟೆ ಪ್ರಾಕ್ಟೀಸ್. ಹೊರಗೆ ನಿಂತರೆ ಹಾಡುವವನ ಬಾಯಿ ಅಲ್ಲಾಡುವುದು ಕಾಣುತ್ತದೆ, ಹಾಡು ಕೇಳುವುದಿಲ್ಲ. ಬರೀ ಸದ್ದು. ಪಕ್ಕದ ಮನೆಯ ಅಜ್ಜನಿಗೆ ಬಿಪಿ ಇದೆ, ಮಧ್ಯಾಹ್ನ ಮಲಗುವವರು. ಇನ್ನೊಮ್ಮೆ ಹೀಗಾದರೆ ಪೊಲೀಸರಿಗೆ ಹೇಳುತ್ತೇನೆ ಅಂದಿದ್ದಾರೆ. ಮಗ ಪ್ರಾಕ್ಟೀಸ್ ಮುಗಿಸಿ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅನ್ನುತ್ತಾನೆ, ಮರುದಿನ ಶಾಲೆಗೆ ಹೋಗುವಾಗಲೂ ಇರುತ್ತದಂತೆ. ಈಗ ಅವರೊಳಗೇ ಜಗಳ. ಇವನು ಜೋರು ಬಾರಿಸುತ್ತಾನೆ ಅಂತ ಗಿಟಾರಿನವನು, ಅವನು ಜೋರು ಮಾಡಿದ್ದಕ್ಕೆ ನಾನು ಜೋರು ಅಂತ ಇವನು. ದೊಡ್ಡ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ) ತಂದರೆ ಸರಿಯಾಗುತ್ತದೆ, 35 ಸಾವಿರ, ನಾಲ್ಕೂ ಮನೆಯವರು ಹಂಚಿಕೊಳ್ಳಬೇಕು ಅನ್ನುತ್ತಾರೆ. ಇಲ್ಲದಿದ್ದರೆ ಬೇರೆ ಡ್ರಮ್ಮರ್ ನೋಡುತ್ತೇವೆ ಅಂತಲೂ ಹೇಳಿದ್ದಾರಂತೆ, ಮಗ ಎರಡು ದಿನ ಊಟ ಸರಿ ಮಾಡಲಿಲ್ಲ. ಡಿಸೆಂಬರಿನಲ್ಲಿ ಊರಿನ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಕರೆದಿದ್ದಾರೆ. ರಾಕ್ ಅಂದರೆ ಕೊನೆಗೆ ಗಾಂಜಾ ಅಂತ ಮಾವನವರು. ಮದ್ದಳೆಯ ಕೈ ಕೆಡುತ್ತದೆ ಅಂತ ಅವನ ಗುರುಗಳು. ನಾನು ಎಂತ ಮಾಡುವುದು?"

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ನಡುವೆ ನೀವು ಹಾಗೇ ಬರೆದುಹೋದ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಹಾಡುವವನ ಬಾಯಿ ಅಲ್ಲಾಡುವುದು ಕಾಣುತ್ತದೆ, ಹಾಡು ಕೇಳುವುದಿಲ್ಲ ಎಂದಿರಿ. ಅಂಗಳದಲ್ಲಿ ನಿಂತ ನಿಮಗೆ ಕೇಳದ್ದು ಶೆಡ್ಡಿನೊಳಗಿರುವ ನಾಲ್ವರಿಗೂ ಕೇಳುತ್ತಿಲ್ಲ. ಅಜ್ಜನ ಸಿಟ್ಟು, ಮಗನ ಕಿವಿ, ಗೆಳೆಯರ ಜಗಳ, 35 ಸಾವಿರದ ಬೇಡಿಕೆ, ಎಲ್ಲ ಹೊರಟದ್ದು ಅಲ್ಲಿಂದಲೇ.

ನಾನು ಇಪ್ಪತ್ತೈದು ವರ್ಷಗಳಿಂದ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿದ್ದೇನೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮದುವೆಗೂ ಯಕ್ಷಗಾನಕ್ಕೂ ಕಾಲೇಜು ಕಾರ್ಯಕ್ರಮಕ್ಕೂ ಸೌಂಡ್ ಮಾಡಿದ್ದೇನೆ. ಹೊಸ ಬ್ಯಾಂಡುಗಳು ಮೊದಲ ಎರಡು ವರ್ಷದಲ್ಲಿ ಒಡೆಯುವುದನ್ನು ತುಂಬ ನೋಡಿದ್ದೇನೆ. ನುಡಿಸಲು ಬಾರದೆ ಒಡೆದದ್ದು ಕಡಿಮೆ. ಒಬ್ಬರದ್ದು ಒಬ್ಬರಿಗೆ ಕೇಳದೆ, ಆ ಕೇಳದಿರುವುದನ್ನು ಸೊಕ್ಕು ಎಂದು ತಿಳಿದುಕೊಂಡು ಒಡೆದವೇ ಹೆಚ್ಚು.

ಶೆಡ್ಡಿನೊಳಗೆ ಆಗುತ್ತಿರುವುದು ಇಷ್ಟು. ಡ್ರಮ್ ಸೆಟ್ಟಿಗೆ ವಾಲ್ಯೂಮಿನ ಗುಂಡಿ ಇಲ್ಲ. ಹದಿನಾರರ ಹುಡುಗ ಮರದ ಕೋಲಿನಲ್ಲಿ ಮನಸ್ಸಿಟ್ಟು ಬಾರಿಸಿದರೆ ಸಣ್ಣ ಜಾಗದಲ್ಲಿ ಸದ್ದು ಸಲೀಸಾಗಿ 100 ಡೆಸಿಬೆಲ್ (ಸದ್ದನ್ನು ಅಳೆಯುವ ಮಾನ) ಮುಟ್ಟುತ್ತದೆ. ಕೆಳಗೆ ಸಿಮೆಂಟಿನ ನೆಲ, ಸುತ್ತ ಗೋಡೆ, ಮೇಲೆ ಶೀಟಿನ ಮಾಡು. ಯಾವುದೂ ಸದ್ದನ್ನು ಕುಡಿಯುವುದಿಲ್ಲ, ಎಲ್ಲವೂ ತಿರುಗಿ ಎಸೆಯುತ್ತವೆ. ಗಿಟಾರಿನವನಿಗೆ ತನ್ನ ತಂತಿ ಕೇಳುವುದಿಲ್ಲ. ಅವನ ಆಂಪ್ ನೆಲದ ಮೇಲಿರುತ್ತದೆ, ಅದು ಹಾಡುವುದು ಅವನ ಮೊಣಕಾಲಿಗೆ. ಎದುರು ಕೂತ ನಿಮ್ಮ ಮಗನಿಗೆ ಮಾತ್ರ ಆ ಗಿಟಾರ್ ನೇರ ಮುಖಕ್ಕೆ ಹೊಡೆಯುತ್ತದೆ. ಗಿಟಾರಿನವನು ಗುಂಡಿ ತಿರುಗಿಸುತ್ತಾನೆ, ನಿಮ್ಮ ಮಗ ತನ್ನ ತಾಳ ಮುಳುಗಿತೆಂದು ಇನ್ನಷ್ಟು ಬಲವಾಗಿ ಬಾರಿಸುತ್ತಾನೆ, ಬೇಸಿನವನು ಅವರಿಬ್ಬರ ಹಿಂದೆ ಓಡುತ್ತಾನೆ. ಹಾಡುವವನ ಹತ್ತಿರ ಏರಿಸಲು ಏನೂ ಇಲ್ಲ, ಗಂಟಲು ಮಾತ್ರ. ಅರ್ಧ ಗಂಟೆಯೊಳಗೆ ನಾಲ್ವರೂ ತಮ್ಮ ಮಿತಿ ಮುಟ್ಟಿರುತ್ತಾರೆ. ಪ್ರತಿಯೊಬ್ಬನಿಗೂ ಉಳಿದ ಮೂವರು ಹಟಮಾರಿಗಳಂತೆ ಕಾಣುತ್ತಾರೆ. ಯಾರೂ ಹಟ ಮಾಡುತ್ತಿಲ್ಲ, ಎಲ್ಲರೂ ತಮ್ಮನ್ನು ತಾವು ಹುಡುಕುತ್ತಿದ್ದಾರೆ.

ಇಲ್ಲಿಗೆ 35 ಸಾವಿರದ ಆಂಪ್ ತಂದರೆ? ಕಿವಿಯ ಲೆಕ್ಕ ವ್ಯಾಟಿನ ಲೆಕ್ಕದಂತೆ ನಡೆಯುವುದಿಲ್ಲ. 10 ವ್ಯಾಟಿನದ್ದರ ಬದಲು 100 ವ್ಯಾಟಿನ ಆಂಪ್ ತಂದರೆ ಸದ್ದು ಹತ್ತು ಪಟ್ಟಾಗುವುದಿಲ್ಲ, ನಮ್ಮ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ಅಷ್ಟಕ್ಕೇ ನಿಮ್ಮ ಮಗ ಮತ್ತೂ ಜೋರಾಗಬೇಕಾಗುತ್ತದೆ, ಹಾಡುವವನು ಪೂರ್ತಿ ಮುಳುಗುತ್ತಾನೆ. ಆ ಶೆಡ್ಡಿಗೆ 15-20 ವ್ಯಾಟಿನ ಆಂಪೇ ಧಾರಾಳ. ಇದನ್ನು ಉಳಿದ ಮೂರು ಮನೆಯವರಿಗೂ ಹೇಳಿ.

ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕಿವಿ, ಏಕೆಂದರೆ ನಿಮ್ಮ ಪತ್ರದಲ್ಲಿ ಕಾಯಲಾಗದ ಸಂಗತಿ ಅದೊಂದೇ.

ಆ ಗುಂಯ್ ಸದ್ದನ್ನು ಹುಡುಗರು ಒಳ್ಳೆಯ ಪ್ರಾಕ್ಟೀಸಿನ ಗುರುತು ಎಂದುಕೊಳ್ಳುತ್ತಾರೆ. ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಪೆಟ್ಟು ತಿಂದಿವೆ ಎಂಬುದರ ಸೂಚನೆ ಅದು. ಒಂದು ಕಿವಿಯಲ್ಲಿ ಅವು ಇರುವುದು ಸುಮಾರು 15 ಸಾವಿರ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಸದ್ದಿನಲ್ಲಿ ಕೆಲಸ ಮಾಡುವವರಿಗಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಮಾಡಿದ ಒಂದು ಲೆಕ್ಕವಿದೆ, ಸೌಂಡಿನವರಲ್ಲಿ ಹಲವರು ಅದನ್ನು ಬಳಸುತ್ತಾರೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ಹೀಗೆ ಇಳಿದು 100 ಡೆಸಿಬೆಲ್ಲಿಗೆ ಬಂದಾಗ ಉಳಿಯುವುದು 15 ನಿಮಿಷ. ನಿಮ್ಮ ಮಗ ಕೂರುತ್ತಿರುವುದು ಮೂರು ಗಂಟೆ. ಅದೂ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಅವನ ಕಿವಿಯಿಂದ ಎರಡಡಿ ದೂರದಲ್ಲಿ.

ನನ್ನ ಎಡಗಿವಿಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದು ಸಪೂರ ಸೀಟಿ ನಿಂತೇ ಇಲ್ಲ. ಒಂದು ಕಾಲೇಜು ಕಾರ್ಯಕ್ರಮದಲ್ಲಿ ಸ್ಪೀಕರಿನ ಪಕ್ಕ ರಾತ್ರಿಯಿಡೀ ನಿಂತು ಬಂದ ಮೇಲೆ ಶುರುವಾದದ್ದು. ಬೆಳಗ್ಗೆ ಎದ್ದಾಗ ಹಕ್ಕಿಗಳಿಗಿಂತ ಮೊದಲು ಅದು ಕೇಳುತ್ತದೆ. ಹಾಗಾಗಿ ಈ ವಿಷಯದಲ್ಲಿ ನಾನು ಯಾವ ಮಕ್ಕಳೊಂದಿಗೂ ರಾಜಿಯಾಗುವುದಿಲ್ಲ. ಇಯರ್ ಪ್ಲಗ್ ಇಲ್ಲದೆ ನಾಲ್ವರಲ್ಲಿ ಯಾರೂ ಶೆಡ್ಡಿನೊಳಗೆ ಕಾಲಿಡಬಾರದು. ಮೆಡಿಕಲ್ಲಿನಲ್ಲಿ ಸಿಗುವ ಸ್ಪಂಜಿನ ಪ್ಲಗ್ ಸಾಕು. ಬೆರಳಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯ ಮೇಲ್ತುದಿ ಹಿಡಿದೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ, ಹತ್ತಿಯಿಂದಂತೂ ಏನೂ ಆಗುವುದಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಸ್ವಲ್ಪ ದುಬಾರಿ. ಆದರೆ ಅದು ಎಲ್ಲ ಸ್ವರಗಳನ್ನೂ ಸಮವಾಗಿ ತಗ್ಗಿಸುತ್ತದೆ, ಹಾಡು ಮಬ್ಬಾಗುವುದಿಲ್ಲ, ಹಾಗಾಗಿ ಹುಡುಗರು ಕಿತ್ತೆಸೆಯುವುದಿಲ್ಲ. ಜೊತೆಗೆ ಈ ವಾರವೇ ಇಎನ್‌ಟಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ) ಪರೀಕ್ಷೆ ಬೇಕೆಂದು ನೀವಾಗಿಯೇ ಕೇಳಿ. ಮರುದಿನವೂ ಉಳಿಯುವ ಗುಂಯ್ ಸದ್ದನ್ನು ನೋಡೋಣ ನೋಡೋಣ ಎಂದು ಮುಂದೂಡಬಾರದು. ಆ ಪರೀಕ್ಷೆ ಆಗುವವರೆಗೆ ಡ್ರಮ್ಸಿಗೆ ರಜೆ.

ಇನ್ನು ಆ ಏರುತ್ತ ಹೋಗುವ ಸದ್ದನ್ನು ಇಳಿಸುವುದು ಹೇಗೆ ಎಂಬುದು. ಅದರ ಉತ್ತರ ನಿಮ್ಮ ಮಗನಿಗೆ ಎಂಟನೇ ವಯಸ್ಸಿನಿಂದ ಗೊತ್ತಿದೆ, ಅಲ್ಲಿ ಕಲಿತದ್ದನ್ನು ಇಲ್ಲಿಗೆ ತರಬಹುದು ಅಂತ ಅವನಿಗೆ ಹೊಳೆದಿಲ್ಲ ಅಷ್ಟೆ. ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನು, ಅಂದರೆ ಹಾಡುವ ಭಾಗವತರು, ಚೆಂಡೆ, ಮದ್ದಳೆಯನ್ನು ನೆನಪು ಮಾಡಿಕೊಳ್ಳಿ. ಚೆಂಡೆಯ ಸದ್ದು ರಾತ್ರಿ ಎರಡು ಗದ್ದೆ ದಾಟಿ ಆಚೆ ಗುಡ್ಡಕ್ಕೂ ಮುಟ್ಟುತ್ತದೆ. ಆದರೂ ಮೈಕ್ ಇಲ್ಲದ ಕಾಲದಲ್ಲೂ ಭಾಗವತರ ಕರುಣರಸದ ಪದ್ಯ ಜನರಿಗೆ ಕೇಳುತ್ತಿತ್ತು. ಹೇಗೆಂದರೆ ಆಗ ಚೆಂಡೆ ಸುಮ್ಮನಿರುತ್ತದೆ, ಮದ್ದಳೆ ಮಾತ್ರ ಪದ್ಯದ ಅಡಿಯಲ್ಲಿ ನಡೆಯುತ್ತದೆ. ವೀರರಸ ಬಂದಾಗ, ಪ್ರವೇಶಕ್ಕೆ, ಯುದ್ಧಕ್ಕೆ ಚೆಂಡೆ ಏಳುತ್ತದೆ. ಇಡೀ ರಂಗದ ಸದ್ದು ಭಾಗವತರ ಗಂಟಲಿನಿಂದ ಅಳತೆಯಾಗುತ್ತದೆ. ಅದೇ ಅಳತೆಯನ್ನು ಶೆಡ್ಡಿಗೆ ತರಲಿ. ಪ್ರಾಕ್ಟೀಸ್ ಶುರುವಾಗುವಾಗ ಮೊದಲು ಹಾಡುವವನು ಒಬ್ಬನೇ ಮೈಕಿನಲ್ಲಿ ಹಾಡಲಿ, ಕೂಗದೆ. ಅದಕ್ಕಿಂತ ಮೇಲೆ ಹೋಗದ ಹಾಗೆ ಡ್ರಮ್ಸ್ ಸೇರಲಿ. ಆಮೇಲೆ ಬೇಸ್, ಕೊನೆಗೆ ಗಿಟಾರ್. ಮೈಕಿನ ಹಾಡು ಮುಳುಗಿದ ಕ್ಷಣ ಎಲ್ಲರೂ ನಿಲ್ಲಿಸಿ ಮತ್ತೆ ಮೊದಲಿನಿಂದ. ಎರಡು ಭಾನುವಾರ ಬೇಸರ ಬರುತ್ತದೆ, ಮೂರನೆಯದಕ್ಕೆ ಅವರೇ ಬಿಡುವುದಿಲ್ಲ. ಈ ಬದಲಾವಣೆ ಆದ ದಿನ ಹುಡುಗರ ಮುಖ ನೋಡುವುದು ನನ್ನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಗಳಿಗೆ.

ಸಣ್ಣ ಸಣ್ಣ ಉಪಾಯಗಳೂ ಇವೆ. ಆಂಪುಗಳನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲೆ, ನುಡಿಸುವವನ ಕಿವಿಯತ್ತ ತಿರುಗಿಸಿಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಹಾಡಿನ ಸ್ಪೀಕರ್ ಮೈಕಿನ ಬೆನ್ನಿಗಿರಲಿ, ಎದುರಿಗೆ ಬಂದರೆ ಕೂಯ್ ಎಂದು ಕಿರುಚುತ್ತದೆ. ಮಗನಿಗೆ ದಪ್ಪ ಕೋಲಿನ ಬದಲು ಸಪೂರ ಕಡ್ಡಿಗಳ ಕಟ್ಟಿನ ಕೋಲು ಸಿಗುತ್ತದೆ, ಹಾಟ್ ರಾಡ್ಸ್ ಅನ್ನುತ್ತಾರೆ, ಡ್ರಮ್ಮಿನ ಸದ್ದು ಚೆನ್ನಾಗಿ ತಗ್ಗುತ್ತದೆ. ಗೋಡೆಗೆ ಹಳೆಯ ಕಂಬಳಿ, ನೆಲಕ್ಕೆ ದಪ್ಪದ ನಾರಿನ ಚಾಪೆ.

ಆ ಕಂಬಳಿ ಅಜ್ಜನ ಮನೆಗೆ ಹೋಗುವ ಸದ್ದನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಒಳಗಿನ ಮಾರ್ದನಿ ಕಡಿಮೆಯಾಗುತ್ತದೆ, ಹುಡುಗರಿಗೆ ಸ್ಪಷ್ಟ ಕೇಳುತ್ತದೆ, ಅಷ್ಟು ಮಾತ್ರ. ಯಾರಾದರೂ ಮೊಟ್ಟೆಯ ಟ್ರೇ ಅಂಟಿಸಿ ಅಂತ ಹೇಳಿಯೇ ಹೇಳುತ್ತಾರೆ, ದಯವಿಟ್ಟು ಬೇಡ. ಅದು ಹೊರಗೆ ಹೋಗುವ ಸದ್ದನ್ನು ತಡೆಯುವುದಿಲ್ಲ, ಒಳಗಿನದನ್ನೂ ಹೇಳಿಕೊಳ್ಳುವಷ್ಟು ಹೀರುವುದಿಲ್ಲ, ಬೆಂಕಿ ಬಿದ್ದರೆ ಮಾತ್ರ ಭಗ್ಗನೆ ಹೊತ್ತುತ್ತದೆ. ಸದ್ದನ್ನು ತಡೆಯಲು ಬೇಕಾಗುವುದು ಭಾರ, ಮತ್ತು ಗಾಳಿ ನುಸುಳದ ಮುಚ್ಚಳಿಕೆ. ಶೀಟಿನ ಮಾಡಿನ ಶೆಡ್ಡನ್ನು ಹಾಗೆ ಮುಚ್ಚಿದರೆ ನಮ್ಮ ಸೆಕೆಗೆ ಒಳಗೆ ಕೂರಲಾಗುವುದಿಲ್ಲ. ಬೇಸಿನ ಗುಡುಗು ಅಷ್ಟಕ್ಕೂ ನಿಲ್ಲುವುದಿಲ್ಲ, ತಗ್ಗಿನ ಸ್ವರಗಳು ಗೋಡೆ ದಾಟಿ ಹೋಗುವಂಥವು. ಆದ್ದರಿಂದ ಗೋಡೆಗೆ ದುಡ್ಡು ಸುರಿಯುವ ಬದಲು ಹೊತ್ತನ್ನೂ ದಿಕ್ಕನ್ನೂ ಬದಲಿಸಿ. ಶೆಡ್ಡಿನ ಬಾಯಿ, ಆಂಪುಗಳ ಮುಖ ತೋಟದ ಕಡೆಗಿರಲಿ. ಅಜ್ಜ ಮಲಗುವ ಹೊತ್ತು ಬಿಟ್ಟು ಬೆಳಗ್ಗೆ ಹತ್ತರಿಂದ ಹನ್ನೆರಡು ಮಾಡಿಕೊಳ್ಳಿ. ಕಿವಿಗೂ ಮೂರು ಗಂಟೆಗಿಂತ ಎರಡು ಗಂಟೆ ಮೇಲು.

ಪೊಲೀಸರ ವಿಷಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಶೆಡ್ಡಿನಲ್ಲಿ 100 ಇದ್ದರೆ ಅಜ್ಜನ ಅಂಗಳದಲ್ಲಿ 55 ದಾಟಿರುವುದು ಬಹುತೇಕ ಖಂಡಿತ. ಅಂದರೆ ನ್ಯಾಯ ಅವರ ಕಡೆ ಇದೆ, ಅದನ್ನು ಒಪ್ಪಿಕೊಂಡೇ ಮಾತಿಗೆ ಹೋಗಬೇಕು. ನೀವು ಹೋಗಬೇಡಿ, ನಾಲ್ವರು ಹುಡುಗರೇ ಹೋಗಲಿ. ವಾರ, ಹೊತ್ತು, ಮುಗಿಸುವ ಗಳಿಗೆ ಹೇಳಲಿ. ಅವರಿಗೆ ಹುಷಾರಿಲ್ಲದ ದಿನ ಒಂದು ಫೋನ್ ಮಾಡಿದರೆ ಆ ವಾರ ಪ್ರಾಕ್ಟೀಸ್ ಇಲ್ಲ ಎಂದು ಮಾತು ಕೊಡಲಿ, ಕೊಟ್ಟ ಮಾತು ನಡೆಸಲಿ. ಇದರ ಅಪಾಯವೂ ಹೇಳಬೇಕು. ಒಂದು ಸಲ ಮಾತು ತಪ್ಪಿದರೆ ಎರಡನೇ ಅವಕಾಶ ಸಿಗುವುದಿಲ್ಲ. ಅಜ್ಜ ಒಪ್ಪದೇ ಹೋದರೆ ಜಾಗ ಬದಲಿಸುವುದೇ ದಾರಿ: ಬೇಸಿನವನ ಮನೆ ತೋಟದ ನಡುವೆ ಇದ್ದರೆ ಅಲ್ಲಿ, ಇಲ್ಲವೇ ರಜಾದಿನ ಶಾಲೆಯ ಸಭಾಂಗಣ ಕೇಳಿ ನೋಡುವುದು.

ನೀವು ಕೇಳದ ಒಂದು ವಿಷಯಕ್ಕೆ ನನಗೆ ಹೆಚ್ಚು ಭಯವಿದೆ, ಕರೆಂಟು. ಅಡಿಕೆ ಶೆಡ್ಡಿಗೆ ಕರೆಂಟು ಹೇಗೆ ಬಂದಿದೆ? ಮನೆಯಿಂದ ಒಂದು ಉದ್ದದ ವಯರ್, ತುದಿಗೆ ಎರಡು ಪಿನ್ನಿನ ಬೋರ್ಡ್, ಅದರಲ್ಲಿ ನಾಲ್ಕು ಪ್ಲಗ್ಗು? ಹೆಚ್ಚಿನ ಕಡೆ ನಾನು ನೋಡಿದ್ದು ಅದೇ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪಿನ ಅರ್ತಿಂಗಿಗೆ ಜೋಡಣೆಯಾಗಿರುತ್ತವೆ. ಮೈಕಿನ ಲೋಹ ಬೇರೆ ಪೆಟ್ಟಿಗೆಯ ಅರ್ತಿಂಗಿಗೆ. ಎರಡರಲ್ಲಿ ಒಂದಕ್ಕೆ ಅರ್ತ್ ಸರಿಯಿಲ್ಲದಿದ್ದರೆ, ತಂತಿ ಮುಟ್ಟಿದ ಕೈಗೂ ಮೈಕ್ ಮುಟ್ಟಿದ ತುಟಿಗೂ ನಡುವೆ, ಎದೆಯ ಮೂಲಕ ಕರೆಂಟು ಹರಿಯಬಹುದು. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಗ ಲೆಸ್ಲಿ ಹಾರ್ವಿ ವೇದಿಕೆಯ ಮೇಲೆ ಸತ್ತದ್ದು ಅರ್ತ್ ಇಲ್ಲದ ಮೈಕ್ ಮುಟ್ಟಿ. ನಾಲ್ಕು ವರ್ಷದ ಬಳಿಕ, 1976ರಲ್ಲಿ, ಯಾರ್ಡ್‌ಬರ್ಡ್ಸ್ ಬ್ಯಾಂಡಿನ ಹಾಡುಗಾರನಾಗಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ, ಅರ್ತಿಂಗ್ ಸರಿಯಿಲ್ಲದೆ ಗಿಟಾರ್ ನುಡಿಸುವಾಗ ಹೋದ. ಇಬ್ಬರೂ ಅನುಭವಿಗಳು. ನಮ್ಮಲ್ಲಿ ಮಳೆಗಾಲದಲ್ಲಿ ನೆಲ ಬೆವರುತ್ತದೆ, ಹುಡುಗರು ಬರಿಗಾಲಲ್ಲಿರುತ್ತಾರೆ. ಆದ್ದರಿಂದ ಪರಿಚಯದ ವಯರ್‌ಮನ್ ಕರೆಸಿ, ಶೆಡ್ಡಿಗೆ ಮೂರು ಪಿನ್ನಿನ ಸಾಕೆಟ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯೇ ನೋಡಿಸಿ, ಎಲ್ಲ ಉಪಕರಣಗಳೂ ಒಂದೇ ಸಾಕೆಟ್ ಸಾಲಿನಿಂದ ಹೋಗಲಿ. ಗಿಟಾರ್ ಮುಟ್ಟುವಾಗ ಚುರ್ ಎಂದರೆ ಆ ಕ್ಷಣ ಮೈನ್ ಆಫ್. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗು ಕೇಳಿದರೆ ಎಲ್ಲ ಪ್ಲಗ್ಗು ಕಿತ್ತು ಹೊರಗೆ ಬರಬೇಕು, ಹಾಡು ಅರ್ಧವಾಗಿದ್ದರೂ ಸರಿ.

ಗಾಂಜಾದ ಮಾತಿಗೆ ಬರುತ್ತೇನೆ. ಮಾವನವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಮಾದಕ ವಸ್ತುವಿನ ಹಾವಳಿ ನಮ್ಮ ಜಿಲ್ಲೆಯನ್ನೂ ಬಿಟ್ಟಿಲ್ಲ, ಅದಕ್ಕೆಂದೇ ಕೇರಳ ಸರಕಾರ ಅಬಕಾರಿ ಇಲಾಖೆಯ ಮೂಲಕ ವಿಮುಕ್ತಿ ಎಂಬ ಅಭಿಯಾನ ನಡೆಸುತ್ತಿದೆ. ಆದರೆ ಅದು ಹುಡುಗರ ಹತ್ತಿರ ಬರುವುದು ಯಾರ ಕಣ್ಣೂ ಬೀಳದ ಜಾಗದಲ್ಲಿ, ವಯಸ್ಸಿನಲ್ಲಿ ದೊಡ್ಡವರಾದ ಹೊಸ ಗೆಳೆಯರ ಮೂಲಕ. ಗಿಟಾರಿನ ಮೂಲಕ ಬಂದದ್ದನ್ನು ನಾನು ಕಂಡಿಲ್ಲ. ನಿಮ್ಮ ಮಗ ಭಾನುವಾರ ಎಲ್ಲಿದ್ದಾನೆ ಎಂದು ನಿಮಗೆ ಗೊತ್ತಿದೆ, ಅವನ ಸದ್ದು ಇಡೀ ಊರಿಗೆ ಗೊತ್ತಿದೆ. ಶೆಡ್ಡು ನಿಲ್ಲಿಸಿದರೆ ಬ್ಯಾಂಡ್ ನಿಲ್ಲುವುದಿಲ್ಲ, ನಿಮಗೆ ಗೊತ್ತಿಲ್ಲದ ಜಾಗಕ್ಕೆ ಹೋಗುತ್ತದೆ. ನಾಲ್ಕು ಲೋಟ ಶರಬತ್ತು ಹಿಡಿದುಕೊಂಡು ನಡುನಡುವೆ ನೀವೇ ಒಳಗೆ ಹೋಗಿ. ದುಡ್ಡು ಕಾಣೆಯಾಗುವುದು, ಹಗಲು ನಿದ್ದೆ, ಹಳೆಯ ಗೆಳೆಯರನ್ನು ಬಿಟ್ಟು ಹೆಸರು ಹೇಳದ ಹೊಸಬರ ಜೊತೆ ತಿರುಗಾಟ, ಇಂಥದ್ದು ಕಂಡರೆ ಆಗ ಚಿಂತೆ ಮಾಡಬೇಕು. ಉದ್ದ ಕೂದಲು, ಕಪ್ಪು ಅಂಗಿ ಕಂಡು ಬೇಡ.

ಮದ್ದಳೆಯ ಗುರುಗಳ ಮಾತಿನಲ್ಲಿ ಒಂದು ಸತ್ಯಾಂಶವಿದೆ. ಡ್ರಮ್ಮಿನಲ್ಲಿ ಕೆಲಸ ಮಣಿಕಟ್ಟು ಮತ್ತು ಕೋಲಿನದ್ದು, ಮದ್ದಳೆಯಲ್ಲಿ ಬೆರಳು ಮತ್ತು ಅಂಗೈಯದ್ದು. ವಾರಗಟ್ಟಲೆ ಬೆರಳು ಮುಟ್ಟದೆ ಇದ್ದರೆ ನುಡಿತ ಮೊಂಡಾಗುವುದು ನಿಜ. ದಿನಕ್ಕೆ ಇಪ್ಪತ್ತು ನಿಮಿಷ ಮದ್ದಳೆಗೆ ಇಟ್ಟರೆ ಅದು ಆಗದು. ಆದರೆ ತಾಳಜ್ಞಾನ ಕೆಡುತ್ತದೆ ಎಂಬುದನ್ನು ಒಪ್ಪಲಾರೆ. ಏಳರ ಲೆಕ್ಕದ ರಾಕ್ ಹಾಡು ಬಂದಾಗ ಒಳ್ಳೊಳ್ಳೆಯ ಹುಡುಗರೂ ಎಡವುತ್ತಾರೆ. ಏಳರ ಲೆಕ್ಕದ್ದೇ ಆದ ತ್ರಿವುಡೆ ತಾಳವನ್ನು ಬಾಯಲ್ಲಿ ಹೇಳಿ ಬೆಳೆದವನು ಸಲೀಸಾಗಿ ದಾಟುತ್ತಾನೆ, ನನ್ನ ಕಣ್ಣಾರೆ ನೋಡಿದ್ದೇನೆ. ಪರದೇಶದ ವಾದ್ಯ ಎಂದು ಯಾರಾದರೂ ಅಂದರೆ ಅದಕ್ಕೆ ನಮ್ಮ ಕರಾವಳಿಯಲ್ಲೇ ದೊಡ್ಡ ಉತ್ತರವಿದೆ. ಕದ್ರಿ ಗೋಪಾಲನಾಥ್ ಅವರು ನಾಗಸ್ವರದ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಲು ವರ್ಷಗಟ್ಟಲೆ ಕಷ್ಟಪಟ್ಟು, 2019ರಲ್ಲಿ ತೀರಿಹೋಗುವವರೆಗೂ ನುಡಿಸಿದರು. ಕೊಚ್ಚಿಯ ಮದರ್‌ಜೇನ್ ಬ್ಯಾಂಡಿನಲ್ಲಿದ್ದ ಬೈಜು ಧರ್ಮಜನ್ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕ ತಂದು ಹೆಸರಾದವರು. ಗುರುಗಳನ್ನು ಒಮ್ಮೆ ಶೆಡ್ಡಿಗೆ ಕರೆಯಿರಿ. ಮಗ ಎಲ್ಲಿ ಓಡುತ್ತಾನೆ, ಎಲ್ಲಿ ಎಳೆಯುತ್ತಾನೆ ಎಂಬುದು ಅವರಿಗೆ ನನಗಿಂತ ಬೇಗ ಗೊತ್ತಾಗುತ್ತದೆ.

ಓದಿನ ವಿಷಯ ನೀವು ಬರೆದಿಲ್ಲ, ಆದರೂ ಒಂದು ಮಾತು. ಕೇರಳದಲ್ಲಿ ಪ್ಲಸ್ ವನ್ ಅಂಕವೂ ಕೊನೆಗೆ ಪ್ಲಸ್ ಟೂ ಜೊತೆ ಸೇರುತ್ತದೆ, ಈ ವರ್ಷ ಆಟ ಮುಂದಿನ ವರ್ಷ ಪಾಠ ಎಂಬ ಲೆಕ್ಕ ನಡೆಯುವುದಿಲ್ಲ. ಜನವರಿಯ ಕೊನೆಯಿಂದ ಪರೀಕ್ಷೆ ಮುಗಿಯುವವರೆಗೆ ಬ್ಯಾಂಡಿಗೆ ಬಿಡುವು ಎಂದು ನಾಲ್ಕೂ ಮನೆಯವರು ಈಗಲೇ ಸೇರಿ ತೀರ್ಮಾನಿಸಿ. ಒಂದೇ ಮನೆ ನಿಲ್ಲಿಸಿದರೆ ಆ ಹುಡುಗನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಅಲ್ಲಿಗೆ ನಿಮ್ಮ ಮಗ ಊಟ ಬಿಟ್ಟ ಸಂಗತಿಗೆ ಬಂದೆವು. ಬೇರೆ ಡ್ರಮ್ಮರ್ ನೋಡುತ್ತೇವೆ ಎಂಬ ಮಾತು ಹದಿನಾರರಲ್ಲಿ ಎಷ್ಟು ನೋಯುತ್ತದೆ ಎಂದು ನನಗೆ ಗೊತ್ತು. ಇಂಗ್ಲೆಂಡಿನ ಲಿವರ್‌ಪೂಲಿನ ಹೊರವಲಯದ ಹುಡುಗರ ಕತೆ ಅವನಿಗೆ ಹೇಳಿ. 1956ರಲ್ಲಿ ಜಾನ್ ಲೆನ್ನನ್ ಶಾಲೆಯ ಗೆಳೆಯರನ್ನು ಕಟ್ಟಿಕೊಂಡು ಕ್ವಾರಿಮೆನ್ ಎಂಬ ತಂಡ ಮಾಡಿದಾಗ ಅವನಿಗೂ 16. ಬಟ್ಟೆ ಒಗೆಯುವ ಹಲಗೆ ಒಂದು ವಾದ್ಯ, ಚಹಾದ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ದಾರ ಬಿಗಿದದ್ದು ಬೇಸ್. ಅವನನ್ನು ಸಾಕಿದ ದೊಡ್ಡಮ್ಮ ಮಿಮಿಗೆ ಗಿಟಾರಿನ ಸದ್ದು ಆಗದೆ ಜಗಲಿಗೆ ಕಳಿಸುತ್ತಿದ್ದರು. 1957ರ ಜುಲೈ 6ರಂದು ವೂಲ್ಟನ್ನಿನ ಚರ್ಚಿನ ಉತ್ಸವದಲ್ಲಿ ಅವನಿಗೆ 15 ವರ್ಷದ ಪಾಲ್ ಮೆಕಾರ್ಟ್ನಿ ಸಿಕ್ಕ. ಮರುವರ್ಷ ಜಾರ್ಜ್ ಹ್ಯಾರಿಸನ್ ಸೇರಿದ. ಒಂದು ಕಾರ್ಯಕ್ರಮದ ಬಳಿಕ ಜಗಳವಾಗಿ ಡ್ರಮ್ಮರ್ ಬಿಟ್ಟುಹೋದ ಮೇಲೆ, 1960ರ ವರೆಗೆ ಆ ತಂಡಕ್ಕೆ ಕಾಯಂ ಡ್ರಮ್ಮರ್ ಸಿಗಲೇ ಇಲ್ಲ. ಆ ಹುಡುಗರೇ ಆಮೇಲೆ ಲೋಕಪ್ರಸಿದ್ಧ ಬೀಟಲ್ಸ್ ಬ್ಯಾಂಡ್ ಆದದ್ದು. ಡ್ರಮ್ಮರನನ್ನು ಕಳಕೊಳ್ಳುವುದು ಸುಲಭ, ಪಡೆಯುವುದು ಕಷ್ಟ, ಇದನ್ನು ಆ ಗಿಟಾರಿನ ಹುಡುಗನೂ ತಿಳಿದಿರಲಿ. ಐರ್ಲೆಂಡಿನ ಡಬ್ಲಿನ್ನಿನ ಯು2 ಬ್ಯಾಂಡಿನ ಕತೆ ಇನ್ನೂ ಹತ್ತಿರದ್ದು. 1976ರಲ್ಲಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿ ಗೆಳೆಯರನ್ನು ಕರೆದವನು 14 ವರ್ಷದ ಡ್ರಮ್ಮರ್, ಲ್ಯಾರಿ ಮಲ್ಲೆನ್. ಮೊದಲ ಪ್ರಾಕ್ಟೀಸ್ ನಡೆದದ್ದು ಅವನ ಮನೆಯ ಅಡಿಗೆಕೋಣೆಯಲ್ಲಿ. ಶೆಡ್ಡು ಕೊಟ್ಟ ನೀವು ಆ ಮನೆಯವರಿಗೆ ಏನೂ ಕಡಿಮೆಯಲ್ಲ.

ಜಗಳಕ್ಕೆ ನೀವು ಪಂಚಾಯಿತಿಗೆ ಕೂರಬೇಡಿ. ತಾಯಿ ಬಂದು ಮಗನ ಪರ ಮಾತಾಡಿದರೆ ಅವನು ಬ್ಯಾಂಡಿನಲ್ಲಿ ಉಳಿದರೂ ಅವನ ಮಾತು ಉಳಿಯುವುದಿಲ್ಲ. ನಾಲ್ವರೂ ಸೇರಿ ಒಂದು ಕಾಗದದಲ್ಲಿ ಬರೆದಿಡಲಿ: ಯಾವ ಸಾಮಾನು ಯಾರದ್ದು, ಜಂಟಿಯಾಗಿ ಕೊಂಡದ್ದು ಯಾವುದು, ಯಾರಾದರೂ ಬಿಟ್ಟರೆ ಅವನ ಪಾಲು ಏನಾಗುತ್ತದೆ, ಒಬ್ಬನನ್ನು ತೆಗೆಯುವುದಿದ್ದರೆ ಮೊದಲು ಅವನೊಂದಿಗೆ ಕೂತು ಮಾತಾಡಬೇಕು. ಸದ್ದಿನ ಸಮಸ್ಯೆ ಸರಿಯಾದ ಮೇಲೂ ಅವರು ಇವನನ್ನು ಬಿಡುವುದೇ ಆದರೆ, ಅದು ಅವರ ನಿರ್ಧಾರ. ಡ್ರಮ್ ಸೆಟ್ ಇವನದ್ದು, ಕೈ ಇವನದ್ದು.

ಡಿಸೆಂಬರಿನ ಕಾರ್ಯಕ್ರಮಕ್ಕೆ ಪೂರ್ತಿ ಬೇಡ ಅಂದರೆ ಹುಡುಗರ ಉತ್ಸಾಹ ತಣಿಯುತ್ತದೆ. ಒಂದು ಗಂಟೆ ನುಡಿಸಿ ಅಂದರೆ ತಯಾರಿ ಸಾಲದೆ ಊರಿನೆದುರು ಮುಖಭಂಗವಾಗಬಹುದು, ಆ ಗಾಯ ಮಾಯಲು ವರ್ಷ ಬೇಕು. ಮೂರು ಹಾಡು, ಹದಿನೈದು ನಿಮಿಷ, ರಾತ್ರಿ ಎಂಟೂವರೆಯೊಳಗೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಸಂಘಟಕರು ತೆಗೆದಿದ್ದಾರೆಯೇ ಎಂದು ಕೇಳಿ. ಸೌಂಡಿನವರ ಜೊತೆ ಮಧ್ಯಾಹ್ನವೇ ಒಂದು ಹಾಡು ನುಡಿಸಿ ನೋಡುವ ಅವಕಾಶ ಸಿಗದಿದ್ದರೆ ನಾನಾದರೆ ಒಪ್ಪುವುದಿಲ್ಲ. ಹಾಡುವ ಹುಡುಗನಿಗೆ ಗಂಟಲು ಇನ್ನೂ ಬಲಿಯುತ್ತಿರುವ ವಯಸ್ಸು. ಮೂಲ ಹಾಡಿನ ಎತ್ತರದ ಶ್ರುತಿಗೆ ಏರುವ ಹಟ ಬೇಡ. ಶ್ರುತಿಯನ್ನು ಎರಡು ಮೂರು ಮೆಟ್ಟಿಲು ಇಳಿಸಿ ಹಾಡಿದರೆ ಯಾರ ಗೌರವವೂ ಇಳಿಯುವುದಿಲ್ಲ. ಸ್ವರ ಒಡೆದು ಎರಡು ಮೂರು ವಾರ ಸರಿಯಾಗದಿದ್ದರೆ ಅವನೂ ಇಎನ್‌ಟಿ ಬಾಗಿಲಿಗೆ ಹೋಗಬೇಕು.

ದುಡ್ಡು ಹಾಕುವುದಿದ್ದರೆ ಮೊದಲು ಅರ್ತಿಂಗ್, ಆಮೇಲೆ ಎಂಟು ಕಿವಿಗೆ ಪ್ಲಗ್ಗು, ಆಮೇಲೆ ಹಾಡಿಗೊಂದು ಒಳ್ಳೆಯ ಮೈಕ್ ಮತ್ತು ಸಣ್ಣ ಸ್ಪೀಕರ್. ಇಷ್ಟು ಮುಗಿದ ಮೇಲೂ ಉಳಿದರೆ ತಂತಿಗಳಿಗೆ ಇಡಿ, ನಮ್ಮ ಉಪ್ಪುಗಾಳಿಗೆ ಅವು ಬೇಗ ತುಕ್ಕು ಹಿಡಿಯುತ್ತವೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸುವ ಅಭ್ಯಾಸ ಹುಡುಗರಿಗೆ ಈಗಲೇ ಆಗಲಿ.

ಅವರು ಈಗ ಯಾರ ಹಾಡು ನುಡಿಸುತ್ತಾರೆ ಎಂದು ನೀವು ಬರೆಯಲಿಲ್ಲ. ಬೇರೆಯವರದ್ದೇ ಇರಬೇಕು, ಮೊದಲ ವರ್ಷ ಹಾಗೆಯೇ. ಆದರೆ ನಾಲ್ಕು ಮನೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಇದ್ದರೆ ನನಗೆ ಆಶ್ಚರ್ಯವಿಲ್ಲ, ಸಪ್ತಭಾಷೆಯ ನೆಲ ನಮ್ಮದು. ಬರುವ ಬೇಸಿಗೆ ರಜೆಯಲ್ಲಿ ಒಂದೇ ಒಂದು ಸ್ವಂತ ಹಾಡು ಮಾಡಲಿ, ಬೇಕಾದ ಭಾಷೆಯಲ್ಲಿ. ಒಂದು ಬ್ಯಾಂಡ್ ನಿಜವಾಗಿ ಶುರುವಾಗುವುದು ಆ ದಿನ ಎಂದು ನಾನು ನಂಬಿದ್ದೇನೆ.

ಆಡಿಯೋಮೆಟ್ರಿ ಪರೀಕ್ಷೆ ಆಗಿ, ಕಿವಿ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೆ ಬರುವ ಮೊದಲ ಭಾನುವಾರ ನೀವು ಬಾವಿಕಟ್ಟೆಯ ಹತ್ತಿರ ಹೋಗಿ ನಿಲ್ಲಿ. ಹಾಡಿನ ಮಾತು ಒಂದೊಂದಾಗಿ ಬಿಡಿಸಿ ಕೇಳುತ್ತದೆಯೇ ನೋಡಿ. ಕೇಳಿದರೆ ಸದ್ದು ಹದಕ್ಕೆ ಬಂದಿದೆ. ಕೇಳದಿದ್ದರೆ ಒಳಗೆ ಹೋಗಿ ಮೊದಲು ಗಿಟಾರುಗಳನ್ನು ಇಳಿಸಲು ಹೇಳಿ, ಆಮೇಲೆ ಬೇಸ್. ಡ್ರಮ್ಮಿನವನು ತಾನಾಗಿಯೇ ಇಳಿಯುತ್ತಾನೆ.